ಮುಳುಗೋ ಹೊತ್ತಿನ ಬಿಸಿನೀರು

ಅಂಗಳ ಗುಡಿಸಿ ನೀರು ಚಿಮುಕಿಸಿದ್ದು, ರಂಗೋಲಿ ಎಳೆದದ್ದು, ಹಾಲು ಕರೆದು ಸೊಸೈಟಿಗೆ ಹಾಕಿದ್ದು, ಹುರುಳಿ ನೆನೆಹಾಕಿದ್ದು, ಅತ್ತೆಗೆ ಮಾತ್ರೆ ಕೊಟ್ಟದ್ದು, ನುಂಗಿದರೋ ಇಲ್ಲವೋ ಎಂದು ಆಮೇಲೆ ದಿಂಬಿನಡಿ ತಡಕಿದ್ದು, ತಾರಸಿ ಹತ್ತಿ ನೀರು ಕಾಯಿಸುವ ಸೋಲಾರಿನ ಗಾಜಿನ ಕೊಳವೆಗಳ ಮೇಲಿದ್ದ ಕಾಗೆ ಹಿಕ್ಕೆ ಒರೆಸಿದ್ದು. ಇವತ್ತಿನ ಕೆಲಸ ಇಷ್ಟು. ಕೊನೆಯದು ಈ ವರ್ಷ ಸೇರಿಕೊಂಡದ್ದು. ನನ್ನ ತಾಯಿ ಸೂರ್ಯನಿಗೆ ದಿನಾ ಕೈ ಮುಗಿಯುತ್ತಿದ್ದಳು. ನಾನು ಅವನ ಪಾತ್ರೆ ತೊಳೆಯುತ್ತೇನೆ. ಈ ಕಾರ್ತಿಕದಲ್ಲಿ ಅವನು ಮುಖ ತೋರಿಸುವುದೇ ಅಪರೂಪ. ತೋರಿಸಿದ ದಿನ ಗಾಜು ಮಸುಕಾಗಿರಬಾರದಲ್ಲ.

ಸೋಲಾರು ನಮ್ಮ ಮನೆಗೆ ಬಂದದ್ದು ಅತ್ತೆಯ ಉಸಿರಿಗಾಗಿ. ಹಿತ್ತಲ ಬಚ್ಚಲಿನ ನೀರೊಲೆ ಅವರ ರಾಜ್ಯವಾಗಿತ್ತು. ಕೋಳಿ ಕೂಗುವ ಮುಂಚೆ ಎದ್ದು, ಒಣಗಿದ ಮರಗೆಣಸಿನ ಕಡ್ಡಿ ತುರುಕಿ, ಊದಿ ಊದಿ ಉರಿ ಎಬ್ಬಿಸಿ, ನೀರು ಹೊಯ್ದುಕೊಂಡು ಬಂದು, ಬೆಳಕು ಹರಿಯುವುದರೊಳಗೆ ದೇವರ ದೀಪ ಹಚ್ಚಬೇಕು. ಮದುವೆಯಾಗಿ ಬಂದಾಗಿನಿಂದ ಹಾಗೆಯೇ. ಅಷ್ಟು ವರ್ಷದ ಹೊಗೆ ಎದೆಯಲ್ಲೇ ಮನೆ ಮಾಡಿದೆ ಎಂದರು ಧರ್ಮಪುರಿಯ ಡಾಕ್ಟರು. ಇನ್ನೊಂದು ಚಳಿಗಾಲ ಆ ಒಲೆಯ ಮುಂದೆ ಕೂತರೆ ಅದರಾಚೆಗಿನ ಚಳಿಗಾಲವನ್ನು ಅವರು ನೋಡುವುದಿಲ್ಲ ಎಂದು ನಮ್ಮನೆಯವರನ್ನು ಹೊರಗೆ ಕರೆದು ಹೇಳಿದರು.

ಒಲೆಯನ್ನು ನಾನು ಹೊತ್ತಿಸಬಹುದಿತ್ತು. ಆದರೆ ಯಾರು ಹೊತ್ತಿಸಿದರೂ ಹೊಗೆ ಹೊಗೆಯೇ, ನೇರ ಅವರ ಮಂಚಕ್ಕೆ ಬರುತ್ತದೆ. ಅಡುಗೆ ಗ್ಯಾಸಿನಲ್ಲಿ ಕಾಯಿಸೋಣವೆಂದರೆ, "ಅನ್ನ ಬೇಯಿಸೋ ಉರೀಲಿ ಮೈ ತೊಳೆಯೋ ನೀರಾ?" ಬಕೆಟ್ಟಿಗೆ ಅದ್ದುವ ಕರೆಂಟಿನ ಕಾಯಿಲು ಎಂದರೆ ಪ್ರಾಣಭಯ. ಉಳಿದವನು ಸೂರ್ಯ ಒಬ್ಬನೇ.

ಮೇಟ್ಟೂರಿನಿಂದ ಬಂದು ಅದನ್ನು ಕೂರಿಸಿದ ಹುಡುಗ ಹೋಗುವಾಗ ತಮಿಳಿನಲ್ಲಿ, "ಪಾಟಿ, ಸಾಯಂಗಾಲಂ ಕುಳಿಂಗ, ನಲ್ಲಾ ಸೂಡಾ ವರುಂ" ಎಂದ. ಸಂಜೆ ಮಿಂದರೆ ಒಳ್ಳೆ ಬಿಸಿನೀರು ಸಿಗುತ್ತದೆ ಅಜ್ಜಿ, ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಪಾಪ. ಅತ್ತೆಯ ಮುಖ ಕಪ್ಪಿಟ್ಟಿತು. ಅವನ ಬೈಕಿನ ಸದ್ದು ದೂರವಾದ ಮೇಲೆ ಮಗನನ್ನು ಕೇಳಿದರು: "ಪೊಳುದು ಮುಳುಗೋ ಒತ್ನಲ್ಲಿ ತಲೆಗೆ ನೀರು ಉಯ್ಕೊಳಾಕೆ, ಈ ಮನೇಲಿ ಯಾರ್ಲಾ ಸತ್ತಿರಾದು?"

ನಮ್ಮ ಕಡೆ ಮುಳುಗೋ ಹೊತ್ತಿನ ಸ್ನಾನ ಸಾವಿನ ಮನೆಗೆ ಹೋಗಿ ಬಂದವರದ್ದು. ಹೊಸಿಲು ದಾಟುವ ಮುಂಚೆ, ಹೊರಗೇ, ಉಟ್ಟ ಬಟ್ಟೆಯ ಮೇಲೇ ನೀರು ಹೊಯ್ದುಕೊಳ್ಳಬೇಕು. ಸೋಲಾರು ಮಾಡಿದವರಿಗೆ ಇದು ಹೇಗೆ ಗೊತ್ತಿರಬೇಕು? ಸೂರ್ಯ ದಿನವಿಡೀ ದುಡಿದು ಕಾಯಿಸಿಟ್ಟ ನೀರು ನಮ್ಮ ಮನೆಯಲ್ಲಿ ಸಾವಿನ ದಿನಕ್ಕಷ್ಟೇ ಉಪಯೋಗ ಎಂದಾಯಿತು.

ಬೇಸಿಗೆಯಲ್ಲಿ ಹೇಗೋ ನಡೆಯಿತು. ರಾತ್ರಿ ಕಳೆದರೂ ನೀರು ಬಿಸಿಯಾಗೇ ಇರುತ್ತಿತ್ತು. ದೀಪಾವಳಿ ಬರುವ ಐಪ್ಪಸಿ ತಿಂಗಳಿಂದ ಮೋಡ ಹಿಡಿಯಿತು. ಮಳೆಗಾಗಿ ಆಕಾಶ ನೋಡಿಯೇ ಕತ್ತು ನೋಯಿಸಿಕೊಂಡ ಸೀಮೆ ನಮ್ಮದು. ನಾನೊಬ್ಬಳು ತಾರಸಿಯ ಮೇಲೆ ನಿಂತು ಮೋಡಕ್ಕೆ ಬೈಯುತ್ತಿದ್ದೆ. ಪಕ್ಕದ ಹೊಲದವರು ಕೇಳಿಸಿಕೊಂಡಿದ್ದರೆ ಊರೊಳಗೆ ಸೇರಿಸುತ್ತಿರಲಿಲ್ಲ. ಸೂರ್ಯನ ಹೆಂಡತಿ ಗಂಡನ ಕಾವು ತಾಳಲಾರದೆ ತನ್ನ ನೆರಳನ್ನು ಮನೆಯಲ್ಲಿ ಬಿಟ್ಟು ತವರಿಗೆ ಹೋದಳು ಎಂದು ಪುರಾಣದಲ್ಲಿದೆ. ನಮಗೆ ಸಿಕ್ಕಿದ್ದು ಆ ನೆರಳೇ ಇರಬೇಕು. ಬೆಳಗಿನ ಜಾವ ನಲ್ಲಿಯಲ್ಲಿ ಬರುತ್ತಿದ್ದದ್ದು ಆರಿದ ಗಂಜಿಯಂಥ ನೀರು.

ಒಂದು ಬೆಳಗ್ಗೆ ಹೊಗೆಯ ವಾಸನೆಗೆ ಎಚ್ಚರವಾಯಿತು. ಅತ್ತೆ ನೀರೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಊದುವ ಕೊಳವೆ ಕೈಯಲ್ಲೇ ಇತ್ತು, ಊದಲು ಉಸಿರಿರಲಿಲ್ಲ. ಬಾಯಿ ತೆರೆದಿತ್ತು. ಧರ್ಮಪುರಿಯ ಆಸ್ಪತ್ರೆಯಲ್ಲಿ ಕೆಲವು ದಿನ ಮೂಗಿಗೆ ಆಕ್ಸಿಜನ್ ಮುಚ್ಚಳ ಕಟ್ಟಿ ಮಲಗಿಸಿದರು. ಕರೆದುಕೊಂಡು ಬಂದ ದಿನವೇ ನಮ್ಮನೆಯವರು ಒಲೆಯನ್ನು ಗುದ್ದಲಿಯಿಂದ ಒಡೆದರು. ಅತ್ತೆ ಮಾರನೆಯ ದಿನ ಅದೇ ಜಾವಕ್ಕೆ ಎದ್ದು, ಆರಿದ ನೀರು ಹೊಯ್ದುಕೊಂಡು, ನಡುಗುತ್ತ ದೀಪ ಹಚ್ಚಿದರು. ಕೆಮ್ಮು ಎದೆಯಲ್ಲಿ ಇನ್ನೂ ಆಳಕ್ಕಿಳಿಯಿತು. ಹೊಗೆಯಿಂದ ಬಿಡಿಸಿದ್ದೇವೆಂದು ಹೆಮ್ಮೆಪಟ್ಟವಳು ನಾನು, ಚಳಿಗೆ ಒಪ್ಪಿಸಿದ್ದೆ.

"ಸಾಯಂಕಾಲ ಮೀಯಿ ಅತ್ತೆ, ಯಾರು ನೋಡ್ತಾರೆ?"

"ದೀಪ ನೋಡ್ತೈತಲ್ಲ."

ಮೊನ್ನೆ ಪಾಲಮಲೆಯ ಅಡಿಯ ಊರಲ್ಲಿ ಅವರ ತಂಗಿ ತೀರಿಕೊಂಡರು. ಬೇಡವೆಂದರೂ ಅತ್ತೆ ಹೊರಟರು. ಅವತ್ತೇ ಬಿಸಿಲು ಚೆನ್ನಾಗಿ ಕಾಯಬೇಕೆ? ಮಣ್ಣು ಮಾಡಿ ವಾಪಸು ಬರುವಾಗ ಹೊತ್ತು ಮುಳುಗುತ್ತಿತ್ತು. ಅತ್ತೆಯನ್ನು ಹಿತ್ತಲ ಬಚ್ಚಲಲ್ಲೇ ಕೂರಿಸಿ ನಲ್ಲಿ ತಿರುಗಿಸಿದೆ. ಹಬೆ ಎದ್ದಿತು. ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಚೊಂಬಿನ ಸದ್ದು. ಒಳಗೆ ಅಳುತ್ತಿದ್ದರೋ ಏನೋ, ನೀರಿನ ಸದ್ದಿನಲ್ಲಿ ತಿಳಿಯಲಿಲ್ಲ. ಹೊರಗೆ ಬಂದಾಗ ಮೈಯೆಲ್ಲ ಕೆಂಪಾಗಿತ್ತು.

"ತಂಗಿ ನಂಗೆ ಬಿಸ್ನೀರು ಕೊಟ್ಟು ಓದ್ಲು," ಎಂದರು.

ನಿನ್ನೆ ಪೂರ್ತಿ ಮಲಗಿಯೇ ಇದ್ದರು. ಇವತ್ತು ಸಂಜೆ ನಾನು ಹಾಲು ಕರೆದು ಬರುವಾಗ ಅತ್ತೆ ಒಣಸೀರೆ ಹೆಗಲಿಗೆ ಹಾಕಿಕೊಂಡು ಬಚ್ಚಲ ಕಡೆ ಹೋಗುತ್ತಿದ್ದರು. ನಮ್ಮನೆಯವರು ಗಾಬರಿಯಾಗಿ ಎದ್ದರು.

"ಯಾರವ್ವಾ ಓದ್ರು? ಸಾವಿನ ಪೋನ್ ಬಂತಾ?"

"ಯಾರೂ ಇಲ್ಲ ಕುತ್ಕೊಳ್ಲಾ. ನನ್ ವಯಸ್ಸಿನೋರು ಎಲ್ಲಾದ್ರೂ ಒಬ್ರು ಇವತ್ತು ಓಗೇ ಇರ್ತಾರೆ. ಅವರ ಎಸ್ರಲ್ಲಿ ಉಯ್ಕೊತೀನಿ." ಆಮೇಲೆ ನನ್ನ ಕಡೆ ನೋಡಿ, "ನಾಳೆಯಿಂದ ಬೆಳಗ್ಗೆ ನಾ ಮೀಯಾಕಿಲ್ಲ, ದೀಪ ನೀನೇ ಅಚ್ಚು, ಗೌರಿ," ಎಂದರು.

ಇಷ್ಟು ದಿನ ನಾನು ಬೇಡಿಕೊಂಡದ್ದು ಸಿಕ್ಕಿತ್ತು. ಸಿಕ್ಕಿದ ಮೇಲೆ ಕೈಯಲ್ಲಿದ್ದ ಹಾಲಿನ ಪಾತ್ರೆ ಎಲ್ಲಿಡಬೇಕೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ.

ರಾತ್ರಿಗೆ ರಾಗಿ ಮುದ್ದೆ, ಹುರುಳಿ ಸಾರು. ಅತ್ತೆಗೆ ಚಿಕ್ಕ ಮುದ್ದೆ, ಅದರಲ್ಲೂ ಅರ್ಧ ಬಿಟ್ಟರು. ಮೊದಲು ನಿದ್ದೆ ಹೋದವರು ಅವರೇ. ನಮ್ಮನೆಯವರು ಆಮೇಲೆ. ನಾನು ಪಾತ್ರೆ ಕವುಚಿ ಮಲಗಿದೆ. ಕೆಮ್ಮು ಕೇಳಿಸಲೇ ಇಲ್ಲವಲ್ಲ ಎಂದು ಭಯವಾಗಿ ಎದ್ದು ಹೋಗಿ ನೋಡಿದೆ. ಉಸಿರಾಡುತ್ತಿದ್ದರು. ಬಂದು ಮಲಗಿಕೊಂಡೆ.