ಕ್ಯಾರವಾನಿನ ಹೀಟರೂ ನನ್ನ ಇಂಗ್ಲಿಷೂ

ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ವಿಮಾನಗಳು ಉದುರುತ್ತವೆ ಎಂದು ಲೋಕವೆಲ್ಲ ಹೆದರಿ, ಅದೇ ಹೆದರಿಕೆಯಲ್ಲಿ ನಮ್ಮಂಥವರಿಗೆ ಕೆಲಸ ಸಿಕ್ಕಿದ ಕಾಲ ಅದು. ನಾನು ಟೋಕಿಯೋದಲ್ಲಿ ಕೂತು ಒಂದೂವರೆ ವರ್ಷ ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡಿದೆ. ಜನವರಿ ಒಂದನೇ ತಾರೀಕು ಬಂತು. ಏನೂ ಆಗಲಿಲ್ಲ. ಏನೂ ಆಗದಿರುವುದೇ ನಮ್ಮ ಸಾಧನೆ ಎಂದು ಎದೆಯುಬ್ಬಿಸಿದೆವು. ಮೊದಲೇ ಏನೂ ಆಗುವುದಿರಲಿಲ್ಲವೇನೋ ಎಂಬ ಅನುಮಾನವನ್ನು ಹೊಟ್ಟೆಯೊಳಗೇ ಇಟ್ಟುಕೊಂಡೆವು.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಹುದ್ದೆಯಿಂದಲೇ ಕಾಚೋ-ಸಾನ್ ಎಂದು ಕರೆಯುತ್ತಿದ್ದರು. ಫೆಬ್ರವರಿಯ ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಪಕ್ಕ ಬಂದು ನಿಂತು, ಇಷ್ಟು ದಿನ ದುಡಿದದ್ದಕ್ಕೆ ಕೃತಜ್ಞತೆಯಾಗಿ ವಾರಾಂತ್ಯಕ್ಕೆ ತಮ್ಮ ಕ್ಯಾರವಾನಿಗೆ ಬರಬೇಕು ಎಂದರು. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಚಕ್ರದ ಮನೆ ಅದು. ಏಳು ವರ್ಷದ ಹಿಂದೆ ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ್ದರಂತೆ. ಮಂಚ, ಒಲೆ, ಸಿಂಕು, ಗ್ಯಾಸಿನಲ್ಲೂ ಕರೆಂಟಿನಲ್ಲೂ ಉರಿಯುವ ಹೀಟರು, ಎಲ್ಲವೂ ಅದರಲ್ಲಿದ್ದವು. ಇಷ್ಟು ಹೇಳಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೀಟರಿನ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ, ನೀವು ಓದಿ ಹೇಳಿದರೆ ಉಪಕಾರವಾಗುತ್ತಿತ್ತು ಎಂದು ದನಿ ತಗ್ಗಿಸಿ ಸೇರಿಸಿದರು.

ಮೈಸೂರಿನ ಕಾನ್ವೆಂಟಿನಲ್ಲಿ ಓದಿದವನು ನಾನು. ಕಣ್ಣು ಮುಚ್ಚಿ ಹೂಂ ಅಂದೆ. ಹೀಟರನ್ನು ಹತ್ತಿರದಿಂದ ನೋಡಿದ ಅನುಭವವೆಂದರೆ ಎಡೋಗಾವಾದ ಬಾಡಿಗೆ ಮನೆಯ ಸೀಮೆಎಣ್ಣೆ ಸ್ಟೋವಿನದ್ದು ಮಾತ್ರ. ಅದನ್ನೂ ಪಕ್ಕದ ಮನೆಯವರೇ ಹಚ್ಚಿಕೊಡುತ್ತಿದ್ದರು.

ಹಾಗಾಗಿ ಸಗಮಿಹಾರಾದಲ್ಲಿದ್ದ ನನ್ನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬೆಂಗಳೂರಿನವನು. ಉಪಗ್ರಹಗಳನ್ನು ಆಕಾಶದಲ್ಲಿ ಅತ್ತಿತ್ತ ತಳ್ಳುವ ಪುಟ್ಟ ರಾಕೆಟ್ ಎಂಜಿನುಗಳಲ್ಲಿ ಇಂಧನ ಹೇಗೆ ಉರಿಯುತ್ತದೆ ಎಂಬುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದ.

"ಗ್ಯಾಸ್ ಹೀಟರ್ ತಾನೇ? ಅದು ನನ್ ಸಬ್ಜೆಕ್ಟಿಗೆ ಅವಮಾನ ಕಣೋ," ಎಂದ. "ಊಟ ಇದೆಯಾ?"

"ಇದೆ."

"ಹಂಗಾದ್ರೆ ಬರ್ತೀನಿ."

ಶನಿವಾರ ಬೆಳಿಗ್ಗೆ ಹೊರಟೆವು. ಮುಂದೆ ಕಾಚೋ-ಸಾನ್ ಮತ್ತು ಅವರ ಹೆಂಡತಿ, ಹಿಂದಿನ ಸೀಟಿನಲ್ಲಿ ನಾವಿಬ್ಬರು, ಅದರ ಹಿಂದೆ ತೂಗಾಡುತ್ತ ಆ ಬಿಳೀ ಮನೆ. ಫ್ಯೂಜಿಯ ತಪ್ಪಲಿನ ಕೆರೆಯೊಂದರ ಪಕ್ಕದ ಕ್ಯಾಂಪಿಗೆ ಮಧ್ಯಾಹ್ನ ತಲುಪಿದಾಗ ನೆಲವೆಲ್ಲ ಹಿಮ. ಇಡೀ ಮೈದಾನದಲ್ಲಿ ನಮ್ಮದೊಂದೇ ಗಾಡಿ. ಜಪಾನಿನ ಮಿಕ್ಕ ಜನಕ್ಕೆ ಬುದ್ಧಿಯಿತ್ತು.

ಕಾಚೋ-ಸಾನ್ ಹೆಂಡತಿ ಕಾರಿನಿಂದ ಇಳಿದಾಗ ಅವರನ್ನು ನೋಡಿ ಗಾಬರಿಯಾಯಿತು. ಸ್ವೆಟರಿನ ಮೇಲೆ ಸ್ವೆಟರ್, ಅದರ ಮೇಲೆ ಕೋಟು, ಕೋಟಿನ ಮೇಲೆ ಇನ್ನೊಂದು ಕೋಟು, ಕತ್ತಿಗೆ ಎರಡು ಮಫ್ಲರು. ಮುಖ ಮಾತ್ರ ಕಾಣುತ್ತಿತ್ತು. "ಇವರು ಒಳಗೆ ಬೆಚ್ಚಗಿರುತ್ತೆ ಅಂತಾರೆ. ನನ್ನ ದೇಹವೇ ಸ್ವಲ್ಪ ಶೀತದ್ದಿರಬೇಕು," ಎಂದು ನಾಚಿಕೊಂಡು ಹೇಳಿದರು.

ಮೊದಲು ಕರೆಂಟಿನಲ್ಲಿ ಹಚ್ಚೋಣವೆಂದು ಕ್ಯಾಂಪಿನ ಪ್ಲಗ್ಗಿಗೆ ವೈರು ಸಿಕ್ಕಿಸಿದೆವು. ಹಸಿರು ದೀಪ ಬಂತು. ಅರ್ಧ ಗಂಟೆ ಕಾದು ಗಾಳಿ ಬರುವ ಕಿಂಡಿಗೆ ಕೈ ಒಡ್ಡಿದರೆ, ನೆಗಡಿಯಾದವರು ಉಸಿರು ಬಿಟ್ಟ ಹಾಗಿತ್ತು.

ಗೆಳೆಯ ಹೀಟರಿನ ಮೈಮೇಲಿನ ತಗಡಿನ ಚೀಟಿ ಓದಿದ. "ಗುರೂ, ಇದು ಕೇಳ್ತಿರೋದು ಇನ್ನೂರಮೂವತ್ತು ವೋಲ್ಟ್. ಜಪಾನ್ ಕೊಡೋದು ನೂರು. ವೋಲ್ಟೇಜ್ ಅರ್ಧ ಆದ್ರೆ ಬಿಸಿ ಕಾಲು ಭಾಗ ಆಗುತ್ತೆ. ಇಲ್ಲಿ ಅರ್ಧಾನೂ ಇಲ್ಲ. ಬೇಸಿಗೇಲಿ ನಮ್ಮೂರ ಟ್ಯೂಬ್‌ಲೈಟ್ ಮಿಣುಕುತ್ತಲ್ಲ, ಅದೇ ಕಥೆ."

ಹಾಗಾದರೆ ಗ್ಯಾಸೇ ಗತಿ. ಗೆಳೆಯ ಈಗ ಹುರುಪುಗೊಂಡ. ಸಿಲಿಂಡರು ನೋಡಿ ಚಳಿಗಾಲಕ್ಕೆ ಸರಿಯಾದ ಪ್ರೊಪೇನೇ ಎಂದು ಸರ್ಟಿಫಿಕೇಟ್ ಕೊಟ್ಟ. ಪೈಪಿನ ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಿಲ್ಲ, ಗ್ಯಾಸು ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ. ಕಾಚೋ-ಸಾನ್ ಪ್ರತಿ ಹೆಜ್ಜೆಗೂ ಜಪಾನಿಯಲ್ಲಿ ಹೌದು ಹೌದೆಂದು "ಹಾಯ್, ಹಾಯ್" ಎನ್ನುತ್ತ ತಲೆಬಾಗಿಸುತ್ತಿದ್ದರು. ನಾನು ಪುರೋಹಿತರ ಗತ್ತಿನಲ್ಲಿ ಕೈಪಿಡಿ ಓದುತ್ತಿದ್ದೆ. ನಾಲ್ಕನೇ ಸಾಲಿನಲ್ಲಿ ತಡೆದೆ. 'ಕೌಲ್ ಕವರ್ ತೆಗೆಯಿರಿ' ಎಂದಿತ್ತು. ಕೌಲ್ ಎಂಬ ಪದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

"ಏನಂತೆ?" ಎಂದರು ಕಾಚೋ-ಸಾನ್.

ಗೊತ್ತಿಲ್ಲ ಅನ್ನಲು ಒಂದೇ ಉಸಿರು ಸಾಕಿತ್ತು. ಆದರೆ ಕಾನ್ವೆಂಟು ಬಿಡಬೇಕಲ್ಲ. "ಪ್ರಿಂಟಿಂಗ್ ತಪ್ಪು. ಕಾಯಿಲ್ ಅಂತಿರಬೇಕು," ಎಂದೆ.

"ಕಾಯಿಲ್ ಅಂದ್ರೆ ಕರೆಂಟಿಗೆ ಸೇರಿದ್ದು. ನಾವಿರೋದು ಗ್ಯಾಸಲ್ಲಿ. ಸ್ಕಿಪ್ ಮಾಡು," ಎಂದ ಪಿಎಚ್‌ಡಿ.

ಸ್ಕಿಪ್ ಮಾಡಿದೆವು. ಗುಂಡಿ ತಿರುಗಿಸಿದರೆ ಫ್ಯಾನು ಗುಯ್ಯೆಂದಿತು, ಟಿಕ್ ಟಿಕ್ ಎಂದು ಕಿಡಿ ಸಿಡಿದ ಸದ್ದು ಬಂತು, ಆಮೇಲೆ ಕೆಂಪು ದೀಪ ಹತ್ತಿ ಎಲ್ಲ ನಿಂತುಹೋಯಿತು. ಇನ್ನೊಮ್ಮೆ. ಮತ್ತೆ ಕೆಂಪು. ಮೂರನೇ ಸಲವೂ ಕೆಂಪು. ಗೆಳೆಯ ಕಾಗದ ತೆಗೆದು ಗಾಳಿಗೂ ಇಂಧನಕ್ಕೂ ಇರಬೇಕಾದ ಪ್ರಮಾಣದ ಸಮೀಕರಣ ಬರೆಯತೊಡಗಿದ. ಅವನ ಬೆರಳು ನೀಲಿಯಾಗಿತ್ತು.

"ನಿನ್ ರಾಕೆಟ್ ಮೇಲೆ ಹೋಗುತ್ತಾ?" ಎಂದೆ.

"ನಿನ್ ಪ್ರೋಗ್ರಾಂ ಟೆಸ್ಟ್ ಮಾಡಿದ್ದೀಯಾ?" ಎಂದ.

ಅಷ್ಟು ಹೊತ್ತು ಮೂಲೆಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದ ಕಾಚೋ-ಸಾನ್ ಹೆಂಡತಿ, "ಸುಮಿಮಾಸೆನ್, ಕ್ಷಮಿಸಿ, ಆ ಪದ ಯಾವುದು?" ಎಂದು ಕೇಳಿದರು. ಕೋಟಿನೊಳಗಿನ ಕೋಟಿನ ಒಳಗಿನಿಂದ ಅಂಗೈಯಗಲದ ಎಲೆಕ್ಟ್ರಾನಿಕ್ ನಿಘಂಟು ಹೊರಬಂತು. ಕೈಗವಸು ಬಿಚ್ಚಿ ಒಂದೊಂದೇ ಅಕ್ಷರ ಒತ್ತಿದರು.

"ಸನ್ಯಾಸಿಯ ಟೋಪಿ," ಎಂದು ಓದಿದರು.

ನಾವು ಮೂವರು ಗಂಡಸರು ಮುಖ ಮುಖ ನೋಡಿಕೊಂಡೆವು. ಸನ್ಯಾಸಿಯ ಟೋಪಿ ತೆಗೆಯದೆ ಹೀಟರು ಹತ್ತುವುದಿಲ್ಲ ಎಂದರೆ ಏನರ್ಥ? ಗೆಳೆಯ ಮೆಲ್ಲಗೆ ತನ್ನ ಉಣ್ಣೆಯ ಕುಲಾವಿ ತೆಗೆದ.

ಅವರು ಇನ್ನೊಮ್ಮೆ ಗುಂಡಿ ಒತ್ತಿದರು. "ಎರಡನೇ ಅರ್ಥವೂ ಇದೆ. ಹೊಗೆ ಹೋಗುವ ಕಿಂಡಿಯ ಮೂತಿ."

ಎಲ್ಲರೂ ಹೊರಗೆ ಓಡಿದೆವು. ಕ್ಯಾರವಾನಿನ ಪಕ್ಕೆಯಲ್ಲಿ ದುಂಡನೆಯ, ಕನ್ನಡಿಯಂತೆ ಹೊಳೆಯುವ ಬಿಳಿ ಮುಚ್ಚಳವೊಂದಿತ್ತು. "ಇದು ಅಲಂಕಾರಕ್ಕೆ ಇಟ್ಟದ್ದು. ನಾನು ಪ್ರತಿ ತಿಂಗಳೂ ಪಾಲಿಶ್ ಮಾಡುತ್ತೇನೆ," ಎಂದರು ಕಾಚೋ-ಸಾನ್. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ನೋಡಿದರೆ ಮುಚ್ಚಳದ ಮೇಲೆ ಇಂಗ್ಲಿಷ್ ಅಕ್ಷರಗಳ ಗುರುತು ಕಂಡಿತು: 'ಉಪಯೋಗಿಸುವ ಮುನ್ನ ತೆಗೆಯಿರಿ.' ಏಳು ವರ್ಷ ಉಜ್ಜಿ ಉಜ್ಜಿ ಅಕ್ಷರಗಳನ್ನೇ ಅಳಿಸಿಹಾಕಿದ್ದರು.

ಹೆಂಡತಿ ಮುಚ್ಚಳಕ್ಕೆ ಉಗುರು ಹಾಕಿ ಎಳೆದರು. ಟಪ್ಪೆಂದು ಬಂತು. ಒಳಗೆ ಹೋಗಿ ಅವರೇ ಗುಂಡಿ ತಿರುಗಿಸಿದರು. ಟಿಕ್ ಟಿಕ್, ಆಮೇಲೆ ಬುಸ್ಸೆಂಬ ಮೃದುವಾದ ಸದ್ದು. ಎರಡೇ ನಿಮಿಷದಲ್ಲಿ ಕಿಂಡಿಯಿಂದ ಬಿಸಿಗಾಳಿ ನುಗ್ಗಿತು.

ಕಾಚೋ-ಸಾನ್ ಎರಡೂ ಕೈ ಒಡ್ಡಿ, ಕಣ್ಣರಳಿಸಿ ಕೂಗಿದರು: "ಓಹ್! ಇದು ನಿಜವಾಗಿಯೂ ಬೆಚ್ಚಗಾಗುತ್ತದೆ!"

ಆ ಮಾತು ಬಾಯಿಂದ ಜಾರಿದ ಮೇಲೆ ಸಿಕ್ಕಿಬಿದ್ದೆನೆಂದು ಅವರಿಗೆ ಅರ್ಥವಾಯಿತು. ಹೆಂಡತಿ ನಿಧಾನವಾಗಿ ತಿರುಗಿದರು. "ಏಳು ಚಳಿಗಾಲ," ಎಂದರು, ಅಷ್ಟೇ.

ಏಳು ಚಳಿಗಾಲವೂ ಆತ ಈ ಹೀಟರನ್ನು ಗ್ಯಾಸಿನಲ್ಲಿ ಒಮ್ಮೆಯೂ ಹಚ್ಚಿರಲಿಲ್ಲ. ಕೈಪಿಡಿ ಓದಲು ಬರುತ್ತಿರಲಿಲ್ಲ, ಯಾರನ್ನಾದರೂ ಕೇಳಲು ನಾಚಿಕೆ. ಕರೆಂಟಿನ ಹಸಿರು ದೀಪ ಹಚ್ಚಿ, ಬೆಚ್ಚಗಿದೆ ಬೆಚ್ಚಗಿದೆ ಎಂದು ಹೇಳಿಕೊಂಡೇ ಹಲ್ಲು ಕಚ್ಚಿ ಮಲಗಿದ್ದರು.

ಹೆಂಡತಿ ಬೈಯಲಿಲ್ಲ. ಮೇಲಿನ ಕೋಟು ಬಿಚ್ಚಿ, ಅಂದವಾಗಿ ಮಡಚಿ, ಗಂಡನ ತೊಡೆಯ ಮೇಲಿಟ್ಟರು. "ಸುಮಿಮಾಸೆನ್," ಎಂದರು ಕಾಚೋ-ಸಾನ್. ಎರಡನೇ ಕೋಟು. "ಸುಮಿಮಾಸೆನ್." ಮಫ್ಲರು, ಇನ್ನೊಂದು ಮಫ್ಲರು, ಸ್ವೆಟರು. ಒಂದೊಂದಕ್ಕೂ ಒಂದೊಂದು ಸುಮಿಮಾಸೆನ್. ಕೊನೆಗೆ ರಾಶಿಯ ಮೇಲೆ ಬೋಳುತಲೆಯಷ್ಟೇ ಕಾಣುತ್ತಿತ್ತು.

ನನಗೆ ನಗು ಒತ್ತರಿಸಿ ಬರುತ್ತಿತ್ತು. ಗೆಳೆಯ ಕಿವಿಯಲ್ಲಿ, "ಜಾಸ್ತಿ ಹಲ್ ಬಿಡಬೇಡ. ಕಾಯಿಲ್ ಅಂದಿದ್ದು ಯಾರು?" ಎಂದ. ಅದೂ ನಿಜವೇ. ಪದ ಗೊತ್ತಿಲ್ಲದೆ ಬುರುಡೆ ಬಿಟ್ಟೆನೆಂದು ನನಗೆ ಬರುವ ಹರುಕು ಜಪಾನಿಯಲ್ಲಿ ಒಪ್ಪಿಕೊಂಡೆ. ಸ್ಕಿಪ್ ಮಾಡು ಎಂದದ್ದು ಇವನು ಎಂಬುದನ್ನೂ ಮರೆಯದೆ ಸೇರಿಸಿದೆ.

ಆಕೆ ನಮ್ಮ ಮೂವರನ್ನೂ ಸರದಿಯಲ್ಲಿ ನೋಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಟ್ಟೆಯ ರಾಶಿಯೊಳಗಿನಿಂದಲೂ ಹೆದರಿಕೆಯ ನಗೆಯೊಂದು ಕೇಳಿಸಿತು. ಸಂಜೆ ನಾವು ಅರ್ಧ ತೋಳಿನ ಅಂಗಿಯಲ್ಲಿ ಕೂತು, ಗೆಳೆಯ ತಂದಿದ್ದ ಗೊಜ್ಜಿನಲ್ಲಿ ಕಲಸಿದ ಪುಳಿಯೋಗರೆ ತಿಂದೆವು. ಖಾರಕ್ಕೆ ಕಾಚೋ-ಸಾನ್ ಬೆವೆತರು. ಹೆಂಡತಿ ಸೆಕೆಯೆಂದು ಕಿಟಕಿ ತೆಗೆದರು.

ಆ ವರ್ಷವೇ ನನ್ನನ್ನು ಹಿರೋಷಿಮಾದ ಕಾರು ತಯಾರಕರೊಬ್ಬರ ಕೆಲಸಕ್ಕೆ ಹಾಕಿದರು. ಹೊಸ ವರ್ಷಕ್ಕೆ ಅಲ್ಲಿಗೆ ಒಂದು ಕಾರ್ಡು ಬಂತು, ಜೊತೆಗೆ ಫೋಟೋ. ಕ್ಯಾರವಾನಿನ ಕಿಟಕಿಯಾಚೆ ಹಿಮ ಸುರಿಯುತ್ತಿದೆ. ಒಳಗೆ ಕಾಚೋ-ಸಾನ್ ಬನಿಯನ್-ಚಡ್ಡಿಯಲ್ಲಿ ಕೂತು ಐಸ್‌ಕ್ರೀಂ ತಿನ್ನುತ್ತಿದ್ದಾರೆ, ಮುಖದಲ್ಲಿ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಕಳೆ. ಕೆಳಗೆ ಹೆಂಡತಿ ದುಂಡಗೆ ಬರೆದಿದ್ದರು: 'ಇವರು ಸ್ವಲ್ಪ ಚಳಿ ಅಂತಾರೆ. ನನಗೇನೋ ಬೆಚ್ಚಗಿದೆ.'