ಕೆಂಪು ಟೇಪಿನ ಜೋಡಣೆ

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಟ್ಯಾಕ್ಸಿಯವನೊಬ್ಬ ನಮ್ಮ ಬಾಗಿಲು ಬಡಿದ.

"ಯಜಮಾನ್ರನ್ನ ಕರೀರಿ ಅಕ್ಕ. ನನ್ನ ಗಾಡಿಗೆ ಅವರು ರಿಪೇರಿ ಮಾಡಿದ ಎಸಿ ವಾರ ಕೂಡ ಬಾಳ್ಲಿಲ್ಲ."

"ಅವರೂ ಬಾಳ್ಲಿಲ್ಲ" ಎಂದೆ.

ವಿಷಯ ತಿಳಿದು ತಬ್ಬಿಬ್ಬಾದನೇ ಹೊರತು ದೂರನ್ನು ಹಿಂದೆಗೆದುಕೊಳ್ಳಲಿಲ್ಲ. ಅವನ ಗಾಡಿಯಲ್ಲೇ, ಬೆವರುತ್ತ, ನನ್ನವರು ದುಡಿಯುತ್ತಿದ್ದ ವರ್ಕ್‌ಶಾಪಿಗೆ ಹೋದೆ. ಇದು ನನ್ನವರ ತಪ್ಪಲ್ಲ ಎಂಬ ಒಂದು ಮಾತು ಮೇಷ್ಟ್ರ ಬಾಯಿಂದ ಬರಬೇಕಿತ್ತು.

ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ಈ ಹಿರಿಯ ಎಲೆಕ್ಟ್ರಿಷಿಯನ್, ಎಸಿ ತಣ್ಣಗಾಗದಿದ್ದರೆ ಗ್ಯಾಸ್ ತುಂಬಿಸು, ಕಂಪ್ರೆಸರ್ ಬದಲಿಸು ಎನ್ನುವವರ ನಡುವೆ, ವೈರಿಂಗ್ ಪರೀಕ್ಷಿಸದೆ ಯಾವ ಭಾಗವನ್ನೂ ಕಳಚಬಾರದೆಂಬ ಶಿಸ್ತನ್ನು ಎರಡು ತಲೆಮಾರಿಗೆ ಕಲಿಸಿದವರು. ನನ್ನ ಪತಿ ಅವರ ಕೈಕೆಳಗೇ ಪಳಗಿದವರು. ಮದುವೆಯ ಹೊಸತರಲ್ಲಿ ನಮಗೆ ಬಾಡಿಗೆ ಮನೆ ಹುಡುಕಿಕೊಟ್ಟವರೂ, ಕೊನೆಗೆ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆ ಕೂತವರೂ ಅವರೇ. ಇಷ್ಟೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ: ಅವರಷ್ಟು ತಾಳ್ಮೆಗೆಡಿಸುವ ಮನುಷ್ಯನನ್ನು ನಾನು ಕಂಡಿಲ್ಲ.

"ಅವರ ತಪ್ಪಲ್ಲ ಅಂತ ಹೇಳಿಬಿಡಿ ಮೇಷ್ಟ್ರೇ."

"ಇನ್ನೂ ಬಾನೆಟ್ಟೇ ಎತ್ತಿಲ್ಲವಲ್ಲಮ್ಮ."

ಎತ್ತಿದರು. ಫ್ಯೂಸ್ ನೋಡಿದರು, ರಿಲೇ ಬದಲಿಸಿ ನೋಡಿದರು. ಎಸಿಯ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್‌ಗೆ ಹೋಗುವ ವೈರ್ ಬಿಚ್ಚಿ ಮೀಟರ್ ಹಿಡಿದರೆ ವೋಲ್ಟೇಜ್ ಪೂರ್ತಿ ಇತ್ತು.

"ವೈರ್ ಸರಿಯಾಗಿದೆ. ಕ್ಲಚ್ಚೇ ಹೋಗಿದೆ" ಎಂದ ಟ್ಯಾಕ್ಸಿಯವನು.

"ಸುಮ್ನೆ ಕೂತಾಗ ಎಲ್ಲರೂ ಸರಿಯಾಗೇ ಇರ್ತಾರಪ್ಪ. ದುಡಿಯುವಾಗ ನೋಡ್ಬೇಕು."

ವೈರ್ ಜೋಡಿಸಿ, ಎಸಿ ಹಾಕಿಸಿ, ಮತ್ತೆ ಅಳೆದರು. ವೋಲ್ಟೇಜ್ ಅರ್ಧಕ್ಕೆ ಕುಸಿಯಿತು; ವೈರಿನ ಹಾದಿಯಲ್ಲಿ ಎಲ್ಲೋ ಒಂದು ಜೋಡಣೆ ಸಡಿಲವಿರಬೇಕು. ಅಲ್ಲಿಂದ ಗೇಣುಗೇಣಾಗಿ ಹಿಂದಕ್ಕೆ ಹುಡುಕುತ್ತ ಹೋದರು. ನಾನು ಹಲ್ಲು ಕಚ್ಚಿಕೊಂಡು ನಿಂತೆ. ಬ್ಯಾಟರಿಯ ಪಕ್ಕದಲ್ಲಿ ಒಂದು ಜೋಡಣೆ ಸಿಕ್ಕಿತು. ಬರೀ ತಿರುಚಿ, ಟೇಪ್ ಸುತ್ತಿದ್ದು.

"ಇದು ಅವನ ಕೆಲಸವೇ" ಎಂದರು, ನನ್ನೆದುರಿಗೇ.

"ಸತ್ತವರ ಮೇಲಾದ್ರೂ ಕರುಣೆ ಬೇಡ್ವಾ ನಿಮಗೆ?"

"ಟೇಪಿನ ಬಣ್ಣ ನೋಡಮ್ಮ."

ಕೆಂಪು. ಅವರ ಶಿಷ್ಯರೆಲ್ಲ ಪಾಲಿಸುವ ಕಟ್ಟುಪಾಡು ಅದು: ಮುಗಿದ ಜೋಡಣೆಗೆ ಕಪ್ಪು, ತಾತ್ಕಾಲಿಕಕ್ಕೆ ಕೆಂಪು. ಮೇಷ್ಟ್ರು ಟ್ಯಾಕ್ಸಿಯವನತ್ತ ತಿರುಗಿದರು.

"ಮತ್ತೆ ಬಾ ಅಂದಿದ್ನಾ?"

ಅವನು ತಲೆ ಕೆರೆದುಕೊಂಡ. "ಬೆಸುಗೆ ಹಾಕ್ಬೇಕು, ನಾಳೆ ಬಾ ಅಂದಿದ್ರು. ತಣ್ಣಗೆ ಬರ್ತಿತ್ತಲ್ಲ, ನಾನೇ ಹೋಗ್ಲಿಲ್ಲ."

"ಕೇಳಿದ್ಯೇನಮ್ಮ? ಅವನು ಕೆಲಸ ಕೆಡಿಸಿಲ್ಲ. ಮುಗಿಸಿರಲಿಲ್ಲ, ಅಷ್ಟೆ."

"ಇಷ್ಟು ಹೇಳೋಕೆ ಮಧ್ಯಾಹ್ನ ಮಾಡಿದ್ರಾ?"

"ಬೆಳಗ್ಗೇನೇ ಹೇಳಿದ್ರೆ ಅದು ಬರೀ ಸಮಾಧಾನದ ಮಾತಾಗ್ತಿತ್ತಮ್ಮ."

ಮೇಷ್ಟ್ರಿಗೆ ಆಯಸ್ಸು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ. ನಿವೃತ್ತರಾದರೂ ಅವರು ಮೀಟರ್ ಕೆಳಗಿಡದೆ, ಇನ್ನೂ ಬಹಳ ಜನರ ತಾಳ್ಮೆ ಕೆಡಿಸುತ್ತಿರಲಿ.

ಅಂದು ಅವರು ಬೆಸುಗೆ ಹಾಕಲು ಡ್ರಾಯರ್ ತಡಕಿದರೆ ಸಾಲ್ಡರಿಂಗ್ ಐರನ್ ಇರಲಿಲ್ಲ. ಈ ಟ್ಯಾಕ್ಸಿ ರಿಪೇರಿಗೆ ಬರುವ ಹಿಂದಿನ ದಿನವೇ, ನನ್ನ ಮೇಜಿನ ದೀಪ ರಿಪೇರಿಗೆಂದು ನನ್ನವರು ಅದನ್ನು ಕೇಳಿ ಮನೆಗೆ ತಂದಿದ್ದರು. ಮನೆಗೆ ಹೋಗಿ, ತಂದು, ಮೇಷ್ಟ್ರ ಕೈಗೆ ಕೊಟ್ಟೆ.