‘ಆತು’ ಅಂದರೆ ಅಳು ಅಲ್ಲ

‘ಆ’ ಅಕ್ಷರದ ಬಾಲ ಹೋಗಿತ್ತು. ಪಕ್ಕದ ‘ತು’ವಿನ ಅಡಿಯಲ್ಲಿ ಒಂದು ತಕಾರದ ಒತ್ತು ಬಂದು ಕೂತಿತ್ತು. ವ್ಯತ್ಯಾಸ ಅಷ್ಟೇ. ನಾನು ಬರೆದ ‘ಆತು’ ಎಂಬ ಮಾತು ‘ಅತ್ತು’ ಆಗಿತ್ತು.

ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲಿನಲ್ಲಿ ನನ್ನದೇ ಲೇಖನ ಓದುತ್ತಿದ್ದೆ. ಬೆಟಗೇರಿಯಲ್ಲಿ ಸೀರೆ ನೇಯುವ ಹೆಣ್ಣುಮಗಳೊಬ್ಬರ ಬದುಕನ್ನು ಅವರ ಮಾತಿನಲ್ಲೇ ಒಂದು ವೆಬ್ ಪತ್ರಿಕೆಗೆ ಬರೆದುಕೊಟ್ಟಿದ್ದೆ. ಅವರನ್ನು ನಾನು ಕಾಕು ಎನ್ನುತ್ತೇನೆ. ಸಂಬಂಧವೇನಿಲ್ಲ, ನಮ್ಮವ್ವ ಅವರ ಹತ್ತಿರ ಸೀರೆ ಕೊಳ್ಳುತ್ತಿದ್ದ ಕಾಲದ ರೂಢಿ. ಕಾಕು ಹೇಳಿದ್ದು, “ಗಂಡ ತೀರಕೊಂಡ. ಆತು, ನಾ ಮಗ್ಗಕ್ಕ ಕುಂತೆ.” ಪ್ರಕಟವಾದದ್ದು, “ಗಂಡ ತೀರಿಕೊಂಡ. ಅತ್ತು, ನಾನು ಮಗ್ಗಕ್ಕೆ ಕುಳಿತೆ.” ಮೇಲೆ ದಪ್ಪಕ್ಷರದಲ್ಲಿ ನಾನು ಕೊಡದ ಶೀರ್ಷಿಕೆ: ‘ಕಣ್ಣೀರಿನಲ್ಲಿ ನೇಯ್ದ ಸೀರೆ’.

ನಮ್ಮ ಕಡೆ ‘ಆತು’ ಎಂದರೆ ಆಯಿತು. ಮುಗಿಯಿತು, ಸರಿ, ಇನ್ನು ಮುಂದಿನದು ನೋಡೋಣ ಎಂಬುದೆಲ್ಲ ಅದರಲ್ಲೇ ಬಂತು. ಕಾಕು ಅದನ್ನು ಹೇಳಿದಾಗ ಅವರ ಕೈ ಒಮ್ಮೆ ಗಾಳಿಯಲ್ಲಿ ಆಡಿ ಮತ್ತೆ ಲಾಳಿಗೆ ಹೋಗಿತ್ತು.

ಅಳಲಿಲ್ಲ ಎಂಬುದು ಅವರಿಗೆ ಸಣ್ಣ ಸಂಗತಿಯಲ್ಲ. ಗಂಡ ಹೋದಾಗ ಲಕ್ಷ್ಮೇಶ್ವರದಿಂದ ಬಂದ ಮೈದುನ, ಹೆಂಗಸು ಒಬ್ಬಳೇ ಮಗ್ಗ ನಡೆಸಲಾರಳು, ಮಾರಿ ತಮ್ಮ ಮನೆಗೆ ಬಂದಿರಲಿ ಎಂದು ತಾನೇ ತೀರ್ಮಾನಿಸಿದ್ದ. ಇವರು ಒಲ್ಲೆ ಎಂದಾಗ, “ನಾಕ ದಿನ ಅಳಕೋತ ಕುಂತು ತಾನ ಬರ್ತಾಳ, ಬಿಡ್ರಿ” ಎಂದು ಓಣಿಯವರೆದುರು ನಕ್ಕಿದ್ದ. ಕಾಕು ಹೋಗಲಿಲ್ಲ. ಅವನೆದುರು ಒಂದು ಹನಿಯನ್ನೂ ಕೆಡವಲಿಲ್ಲ. ಇದನ್ನೆಲ್ಲ ಹೇಳಲು ಒಪ್ಪಿದಾಗ ನನಗೆ ಹಾಕಿದ ಕರಾರು ಒಂದೇ: “ನಾ ಆಡಿದ್ದ ಹಂಗ ಬರಿ ತಂಗಿ. ಅಳಬುರಕಿ ಮಾಡಬ್ಯಾಡ ನನ್ನ.” ನಾನು ಮಾತು ಕೊಟ್ಟಿದ್ದೆ.

ನನಗೆ ತಂತ್ರಾಂಶಗಳ ಮೇಲೆ ಹಗೆಯಿಲ್ಲ. ಗದಗಿನ ಒಂದು ಕೋಣೆಯಲ್ಲಿ ಕೂತು ಬರೆದು ಬದುಕುವವಳಿಗೆ ಅವೇ ಕೈಕಾಲು. ಹಳೆಯ ಫಾಂಟನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಇರದಿದ್ದರೆ ವಿಶ್ವವಿದ್ಯಾಲಯದ ದಿನಗಳ ನನ್ನ ಬರಹವೆಲ್ಲ ಇಂದು ಬರೀ ಚಿತ್ರವಿಚಿತ್ರ ಗೆರೆಗಳು. ಕರೆಂಟು ಹೋಗಿ ಲ್ಯಾಪ್‌ಟಾಪ್ ಆರಿದರೂ ಆನ್‌ಲೈನ್ ಕಡತದಲ್ಲಿ ಕೊನೆಯ ವಾಕ್ಯ ಉಳಿದಿರುತ್ತದೆ. ಆದರೆ ಮಾತನ್ನು ಅಕ್ಷರವಾಗಿಸುವ ತಂತ್ರಾಂಶಕ್ಕೆ ನಮ್ಮ ‘ಮನಿ’ ಕೇಳಿಸಿದರೆ ಅದು ಇಂಗ್ಲಿಷಿನ ದುಡ್ಡೆಂದು ಬರೆದುಕೊಳ್ಳುತ್ತದೆ. ಹಾಗಾಗಿ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದ ಕಾಕುವಿನ ದನಿಯನ್ನು ಅದರ ಬಾಯಿಗೆ ಕೊಡಲೇ ಇಲ್ಲ. ತಡೆದು ತಡೆದು ಕೇಳಿ ನಾನೇ ಟೈಪ್ ಮಾಡಿದ್ದೆ. ಬರಹಗಾರರಿಗೆ ಉಪಯುಕ್ತ ತಂತ್ರಾಂಶಗಳೆಂದು ಪಟ್ಟಿ ಕಳಿಸುವವರು ಯಾವತ್ತೂ ಹೇಳುವುದಿಲ್ಲ, ಯಾರ ಕನ್ನಡಕ್ಕೆ ಉಪಯುಕ್ತ ಎಂದು. ನಮ್ಮ ಕನ್ನಡ ಅವುಗಳ ಪಾಲಿಗೆ ಭಾಷೆಯಲ್ಲ, ತಪ್ಪು.

ಸಂಪಾದಕರಿಗೆ ಫೋನ್ ಮಾಡಿದೆ.

“ಮೇಡಂ, ತುಂಬಾ ಚೆನ್ನಾಗಿ ಓಡ್ತಿದೆ ನಿಮ್ಮ ಲೇಖನ. ಓದಿದವರೆಲ್ಲ ಅಳ್ತಿದ್ದಾರೆ.”

“ಓದಿದವರು ಅಳಲಿ ಸರ್. ಹೇಳಿದವರು ಅತ್ತಿಲ್ಲ. ಅದು ‘ಆತು’.”

ಅವರು ನಕ್ಕರು. ಪ್ರತಿ ಲೇಖನವೂ ಕಾಗುಣಿತ ತಿದ್ದುವ ತಂತ್ರಾಂಶದ ಮೂಲಕ ಹಾಯಬೇಕು, ಕೆಂಪು ಗೆರೆಯೆಲ್ಲ ಅಳಿದು ಹಸಿರು ಗುರುತು ಬಿದ್ದರಷ್ಟೇ ಪುಟಕ್ಕೆ ಏರುತ್ತದೆ ಎಂದರು. ನನ್ನದು ತುಂಬ ಕೆಂಪಾಗಿತ್ತಂತೆ. ಒಂದು ಗುಂಡಿ ಒತ್ತಿ ಎಲ್ಲ ತಿದ್ದುಪಡಿಗಳನ್ನೂ ಒಟ್ಟಿಗೇ ಒಪ್ಪಿಕೊಂಡರಂತೆ.

“ಆಮೇಲೆ ಓದಿ ನೋಡಲಿಲ್ಲವಾ?”

“ಓದಿದೆ. ಓದಿದಾಗಲೇ ಆ ಶೀರ್ಷಿಕೆ ಹೊಳೆದದ್ದು.”

“ಆತು ಅಂದ್ರ ಏನಂತ ಖರೇನ ಗೊತ್ತಿಲ್ಲೇನ್ರಿ ನಿಮಗ?”

ಅವರ ಪುಸ್ತಕದ ಕನ್ನಡ ಜಾರಿ ಬಿತ್ತು. “ಗೊತ್ತಿಲ್ದ ಏನ್ರಿ? ನಾನೂ ಮುಂಡರಗಿಯಾಂವನ. ನಮ್ಮವ್ವನೂ ಮನ್ಯಾಗ ಹಂಗ ಅಂತಾಳ. ಆದ್ರ ಒಂದ್ ಅಕ್ಷರಕ್ಕ ಇಷ್ಟ್ಯಾಕ ಸಿಟ್ಟರಿ? ಗಂಡ ಸತ್ರ ಅಳದ ಯಾರರ ಇರ್ತಾರೇನು?”

ಗೊತ್ತಿಲ್ಲದವರಾಗಿದ್ದರೆ ಸುಮ್ಮನಾಗುತ್ತಿದ್ದೆನೇನೋ. ಯಂತ್ರಕ್ಕೆ ನಮ್ಮ ಮಾತು ಯಾರೂ ಕಲಿಸಿಲ್ಲ, ಅದರ ತಪ್ಪೇನು? ಈ ಮನುಷ್ಯ ತಾಯಿಯ ಬಾಯಿಂದಲೇ ಕಲಿತವರು. ಹಸಿರು ಗುರುತು ಕಂಡೊಡನೆ ತಾಯಿಯ ಮಾತನ್ನು ತಪ್ಪೆಂದು ಒಪ್ಪಿ ಸಹಿ ಹಾಕಿದ್ದರು. ಫೋನಿನಲ್ಲಿ ಇದನ್ನು ಹೇಳಲಾಗಲಿಲ್ಲ. “ತಿದ್ದಿ ಹಾಕಿ, ಸರ್” ಎಂದಷ್ಟೇ ಹೇಳಿ ಇಟ್ಟೆ.

ಮಧ್ಯಾಹ್ನ ಬೆಟಗೇರಿಗೆ ಹೋದಾಗ ಕಾಕುವಿನ ಮಗ್ಗ ನಿಂತಿತ್ತು. ಅವರು ಹೊಸ್ತಿಲಲ್ಲಿ ಕೂತು ಮೆಂತೆಪಲ್ಲೆಯ ಸೊಪ್ಪು ಬಿಡಿಸಿ ಸೋಸುತ್ತಿದ್ದರು. ನನ್ನನ್ನು ಒಳಗೆ ಕರೆಯಲಿಲ್ಲ. ಮೊಬೈಲ್ ಎತ್ತಿ ಮೈದುನ ಕಳಿಸಿದ ಧ್ವನಿ ಸಂದೇಶ ಹಚ್ಚಿದರು. ಲೇಖನ ಅಷ್ಟರಲ್ಲೇ ಲಕ್ಷ್ಮೇಶ್ವರ ಮುಟ್ಟಿತ್ತು.

“ವೈನೀ, ಓದಿದೆ ನೋಡ್ರಿ. ನಮ್ಮ ಮುಂದ ಭಾಳ ಬಿಗಿ ಹಿಡಿದಿದ್ರಿ! ಒಳಗೊಳಗ ಅತ್ತು ಮಗ್ಗಕ್ಕ ಕುಂತಿದ್ದು ಈಗ ಜಗತ್ತಿಗೇ ಖಬರಾತು.” ಹಿಂದೆ ಯಾರೋ ಕಿಸಕ್ಕನೆ ನಕ್ಕಿದ್ದೂ ಕೇಳಿಸಿತು.

“ಯಾಕವಾ, ನಿನಗ ನಾ ಏನ್ ಮಾಡಿದ್ದೆ?” ಎಂದರು ಕಾಕು. “ಇಷ್ಟು ವರ್ಷ ಹಿಡಕೊಂಡಿದ್ದನ್ನ ನೀ ಒಂದ ಮುಂಜಾನ್ಯಾಗ ಚೆಲ್ಲಿದೆಲ್ಲ.”

ನಾನು ಪತ್ರಿಕೆಗೆ ಕಳಿಸಿದ ಕಡತವನ್ನು ತೆರೆದು ತೋರಿಸಿದೆ. ಕನ್ನಡಕ ಏರಿಸಿಕೊಂಡು ತಮ್ಮ ಮಾತನ್ನು ಬೆರಳಿಟ್ಟು ಓದಿಕೊಂಡರು.

“ಮಷೀನ್ ತಿದ್ದೇತ್ರಿ ಕಾಕು.”

“ಮಷೀನಿಗೆ ಎಲ್ಲಿದ್ದು ಬಂತು ಕಣ್ಣೀರು? ಅದರ ಗಂಡ ಸತ್ತಾನೇನು?”

ಪಕ್ಕದ ಮನೆಯಾಕೆ ನಕ್ಕುಬಿಟ್ಟಳು. ಕಾಕು ನಗಲಿಲ್ಲ, ನಾನೂ ನಗಲಿಲ್ಲ.

ಅಲ್ಲೇ ಕಟ್ಟೆಯ ಮೇಲೆ ಕೂತು ಸಂಪಾದಕರಿಗೆ ಬರೆದೆ: ಮೂಲದ ಮಾತು ಹಾಕಿ, ಇಲ್ಲವಾದರೆ ಲೇಖನ ತೆಗೆಯಿರಿ. ಕೈಯಿಂದ ತಿದ್ದಿದರೂ ತಂತ್ರಾಂಶ ಅದನ್ನು ಮತ್ತೆ ಬದಲಿಸುತ್ತದೆ, ತೆಗೆಸುವುದಾದರೆ ಮುಂದೆ ನಿಮಗೆ ಕೆಲಸ ಕೊಡುವುದು ಕಷ್ಟ, ಯೋಚಿಸಿ ಎಂದು ಉತ್ತರ ಬಂತು. ‘ತೆಗೆಯಿರಿ’ ಎಂದು ಬರೆದೆ. ನನ್ನ ಕೈಯಲ್ಲಿದ್ದ ಏಕೈಕ ಖಾಯಂ ಕೆಲಸ ಅದು. ಬರೆದ ಮೇಲೂ ಸಿಟ್ಟು ಇಳಿಯಲಿಲ್ಲ, ಏಕೆಂದರೆ ಪುಟ ಮಾಯವಾಯಿತೇ ಹೊರತು ಲಕ್ಷ್ಮೇಶ್ವರದವರ ಮೊಬೈಲುಗಳಲ್ಲಿ ಅದರ ಸ್ಕ್ರೀನ್‌ಶಾಟ್ ಹಾಗೇ ಇತ್ತು. ಅಲ್ಲಿ ಕಾಕು ಇನ್ನೂ ಅಳುತ್ತಲೇ ಇದ್ದರು.

“ನಿಮ್ಮ ದನಿ ಪೂರ್ತಿ ನನ್ನ ಹತ್ರ ಐತ್ರಿ,” ಎಂದೆ. “ನಿಮ್ಮ ಮೈದುನಗ ಕಳಸ್ಲೇನ್ರಿ?”

“ಕಳಸಬ್ಯಾಡ. ಅರ್ಧಾ ಕೇಳಿ ಬಂದ್ ಮಾಡ್ತಾನ ಅಂವ. ಎದುರಿಗೆ ಕುಂತು ಕೇಳಸು. ಜೋರ್ಲೆ ಕೇಳಸು, ಕಿವಿ ಮಂದ ಅವಗ.”

“ನೀವೂ ಬರ್ರಿ.”

“ನಾ ಯಾಕ ಬರ್ಲಿ? ಕೆಡಿಸಿದಾಕಿ ನೀನು, ನೀನ ಹೋಗು.”

ಕೆಡಿಸಿದವಳು ನಾನಲ್ಲ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಮಾತು ಕೊಟ್ಟವಳು ನಾನೇ ತಾನೆ.

ಮರುದಿನ ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಗುರುತಿಲ್ಲದವರ ಮನೆಯ ಕದ ತಟ್ಟುವುದು ನನ್ನಿಂದಾಗುವ ಕೆಲಸವಲ್ಲ, ಆದರೂ ತಟ್ಟಿದೆ. ಮೈದುನನ ಸೊಸೆ ಕದ ತೆರೆದಳು. ಮೈದುನ ಮಂಡಕ್ಕಿಯ ಸುಸ್ಲಾ ತಿನ್ನುತ್ತ ಕೂತಿದ್ದರು. “ಕುಂಡ್ರವಾ, ಯಾರ ಪೈಕಿ?” ಎಂದರು. “ನಿಮ್ಮ ವೈನಿ ಕಳಸ್ಯಾರ್ರಿ” ಎಂದು ಅವರ ತಾಟಿನ ಪಕ್ಕ ಮೊಬೈಲ್ ಇಟ್ಟು ಸದ್ದು ಪೂರ್ತಿ ಏರಿಸಿದೆ. ಮೊದಲು ಮಗ್ಗದ ಸದ್ದು ಕೋಣೆ ತುಂಬಿತು, ಆಮೇಲೆ ಕಾಕುವಿನ ದನಿ. ‘ಆತು’ ಎಂಬ ಮಾತು ಬರುವ ಮೊದಲೇ ಮೈದುನ ಬಂದ್ ಮಾಡಲು ಎಡಗೈ ಚಾಚಿದರು. ನಾನು ಮೊಬೈಲನ್ನು ನನ್ನ ಕಡೆ ಸರಿಸಿಕೊಂಡು ಕೊನೆಯವರೆಗೂ ಕೇಳಿಸಿದೆ.